ಬೆಣೆ ಹೊಡೆಯದ ಕೊಡಲಿ

ಕೊಲ್ಲಿ ನಾಡಿನ ಅಲ್ ಕೂಜ್‌ನ ನಮ್ಮ ಗೋದಾಮಿನ ಹಿಂದೆ, ಕಟ್ಟಿಗೆ ಒಡೆಯುವ ಜಾಗದಿಂದ ನಾಲ್ಕು ಹೆಜ್ಜೆ ದೂರ, ತಗಡಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. 2014ರ ಮಾರ್ಚ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ದಾಟಿತ್ತು. ಆಗ ನಾನು ಅಲ್ಲಿಯ ಸ್ಟೋರ್ ಕೀಪರ್.

ಅಂದು ಮಧ್ಯಾಹ್ನ ಕೆಲಸಗಾರರಿಗೆಲ್ಲ ಬಿರಿಯಾನಿ. ಕಟ್ಟಿಗೆ ಒಡೆಯಲೆಂದು ನಮ್ಮ ಬಡಗಿ, ಉಡುಪಿ ಕಡೆಯವರು, ಹಳೆಯ ಕೊಡಲಿಗೆ ಹಿಡಿಯಾಗಿ ಹೊಸ ಕಾವು ಕೆತ್ತಿದ್ದರು. ತೂತಿನಲ್ಲಿ ಕಾವು ತುಸು ಆಡುತ್ತಿತ್ತು. ತುದಿ ಸೀಳಿ ಬೆಣೆ ಹೊಡೆಯಬೇಕೆಂದು ಹಿಂದಿನ ಸಂಜೆ ಹೇಳಿದವರು ಅವರು. ಬೇಡವೆಂದವನು ನಾನು.

"ಊರಲ್ಲಿ ಬೆಣೆ ಯಾರು ಹಾಕ್ತಾರೆ ಅಣ್ಣ? ನೀರಲ್ಲಿ ಮುಳುಗಿಸಿಡಿ, ಉಬ್ಬಿ ಕಚ್ಚಿಕೊಳ್ತದೆ."

"ಊರಲ್ಲಿ ಉಗುಳಿದ್ರೂ ಒಂದು ದಿನ ಒಣಗುದಿಲ್ಲ ಮಾರಾಯಾ. ಇಲ್ಲಿ?"

ಬೆಳ್ಳುಳ್ಳಿ ಸುಲಿಯುತ್ತಿದ್ದ ಅಡುಗೆಯ ಬ್ಯಾರಿ ಕಾಕಾ ನಕ್ಕರು. "ಬೆಣೆ ಕೆತ್ತುತ್ತಾ ಕೂತ್ರೆ ನನ್ನ ಬಿರಿಯಾನಿ ಖಲಾಸ್. ಸ್ಟೋರಿನವರು ಹೇಳಿದ್ರಲ್ಲ, ಯಲ್ಲಾ, ಬೇಗ ಮುಗಿಸಿ!"

ಕೊಡಲಿಯನ್ನು ಬಕೆಟ್ಟಿಗೆ ಹಾಕಿದ್ದೂ ನಾನೇ. ಬೆಳಿಗ್ಗೆ ಆರಕ್ಕೆ ತೆಗೆದಾಗ ಬಿಗಿಯಾಗಿತ್ತು. ಬಿಸಿಲು ಬೀಳುವ ತಗಡಿಗೆ ಒರಗಿಸಿಟ್ಟೆ. ಹೀಗೆ ನೆನೆಸಿದ ಕೊಡಲಿಯಲ್ಲೇ ಅಪ್ಪ ಕಟ್ಟಿಗೆ ಸೀಳುತ್ತಿದ್ದರು, ತೊಲೆ ಕೆತ್ತುತ್ತಿದ್ದರು, ಅದರ ಹಿಂಬದಿಯಿಂದ ಬೇಲಿಯ ಗೂಟ ಬಡಿಯುತ್ತಿದ್ದರು. ಒಮ್ಮೆಯೂ ಕಳಚಿದ್ದನ್ನು ನಾನು ನೋಡಿರಲಿಲ್ಲ. ಇಲ್ಲಿಯ ಒಣ ಬಿಸಿಲಿಗೆ ಕಾವು ಮತ್ತೆ ಸಡಿಲಾಗಲು ನಾಲ್ಕು ಗಂಟೆ ಸಾಕಾಯಿತು.

ಮೂರನೆಯ ಏಟು. ಎತ್ತಿ ಬೀಸಿದಾಗ ಬಡಗಿಯ ಕೈಯಲ್ಲಿ ಕಾವು ಮಾತ್ರ ಉಳಿಯಿತು. ಒಡೆದ ಕಟ್ಟಿಗೆ ಹೊತ್ತು ಆಚೆ ನಡೆಯುತ್ತಿದ್ದ ನಮ್ಮ ಗೋದಾಮಿನ ಡ್ರೈವರನ ಮೊಣಕಾಲಿನ ಕೆಳಗೆ ಕಬ್ಬಿಣ ಬಡಿಯಿತು. ಬಡಿದದ್ದು ಹರಿತವಾದ ಬಾಯಿಯಲ್ಲ, ಹಿಂಬದಿ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಮರುದಿನ ಕಂಪನಿಯ ಅಧಿಕಾರಿ ಬಂದು, ಬೆಣೆ ಯಾಕೆ ಹಾಕಿಲ್ಲ ಎಂದು ಕೇಳಿದರು. ಬಡಗಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಬಡಗಿಯೇ, "ನನ್ನ ತಪ್ಪು" ಎಂದರು. ಬಡಗಿಯ ಅಜಾಗರೂಕತೆ ಎಂದು ಬರೆದಿದ್ದ ಕಾಗದಕ್ಕೆ ನಾನು ಸಾಕ್ಷಿಯಾಗಿ ಸಹಿ ಹಾಕಿದೆ. ತಿಂಗಳೊಳಗೆ ವೀಸಾ ರದ್ದಾಗಿ ಬಡಗಿ ಊರಿಗೆ ಹೋದರು.

ಅವರು ಈಗ ಬದುಕಿಲ್ಲ. ಡ್ರೈವರ್ ಇದ್ದಾನೆ, ಕುಂಟುತ್ತಾನೆ. ಬೆನ್ನು ಹಾಕಿ ನಡೆಯುತ್ತಿದ್ದುದರಿಂದ ಅವನು ಏನನ್ನೂ ನೋಡಲಿಲ್ಲ. ಕೊಡಲಿ ಕಳಚಿದ್ದನ್ನು ಕಂಡವರು, ಹಿಂದಿನ ಸಂಜೆ ನಾನು ಹೇಳಿದ್ದನ್ನು ಕೇಳಿದವರು, ಅಡುಗೆಯ ಕಾಕಾ. ಈಗ ಅಬುಧಾಬಿಯಲ್ಲಿದ್ದಾರೆ; ಬೆಣೆ ಬೇಡವೆಂದವನು ನಾನೆಂದು ಹೇಳಬಲ್ಲವರು ಅವರೊಬ್ಬರೇ.