ಹೊಳೆಯಾಚೆಯ ಕುಟ್ಟಾಣಿ ಕೋಲು

ನಮ್ಮ ಅಜ್ಜಿಗೆ ಹಲ್ಲಿರಲಿಲ್ಲ, ಬಾಯಿ ಮಾತ್ರ ಜೋರು. ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಯೇ ಹಾಕಿಕೊಳ್ಳಬೇಕು. ಆ ಕುಟ್ಟಾಣಿಯ ಹಿತ್ತಾಳೆ ಬಟ್ಟಲು ಕೇರಳದ ಪೆರಿಕಲ್ಲೂರಿನ ನಮ್ಮ ಮನೆಯಲ್ಲಿ, ಕುಟ್ಟುವ ಕಬ್ಬಿಣದ ಕೋಲು ಹೊಳೆಯಾಚೆ ಕರ್ನಾಟಕದಲ್ಲಿ. ಹುಚ್ಚು ಅನ್ನಬೇಡಿ, ನಾನು ಆಗಲೇ ಸಾಕಷ್ಟು ಅಂದಿದ್ದೇನೆ.

ಕೋಲು ಇದ್ದದ್ದು ಅಜ್ಜಿಯ ಗೆಳತಿಯ ಹತ್ತಿರ. ನಮಗೆಲ್ಲ ಆಕೆ ಆಚೆಯಜ್ಜಿ. ಆಕೆಗೂ ಹಲ್ಲಿಲ್ಲ. ದಿನಾ ಬೆಳಗಾಗುತ್ತಲೇ ತೋಣಿ ಹತ್ತಿ ಕಬಿನಿ ದಾಟಿ ಬರುವಳು, ಸೊಂಟದಿಂದ ಕೋಲು ತೆಗೆದು ನಮ್ಮ ಜಗಲಿಯಲ್ಲಿ ಇಬ್ಬರ ಪಾಲಿನದೂ ಕುಟ್ಟುವಳು. ಹೋಗುವಾಗ ಕೋಲು ಮತ್ತೆ ಸೊಂಟಕ್ಕೆ. ನಾಳೆ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಅವರಲ್ಲಿರಲಿಲ್ಲ. ಆ ಕುಟ್ಟುವ ಸದ್ದು ಕೇಳದೆ ನನಗೆ ಇವತ್ತಿಗೂ ಬೆಳಗಾಯಿತು ಅನ್ನಿಸುವುದಿಲ್ಲ.

ಕೊರೊನಾ ಬಂದು ತೋಣಿ ನಿಂತಿತು. ಕಾಡಿನಲ್ಲಿ ಮಾವೋವಾದಿಗಳಿದ್ದಾರೆಂದು ಬಂದೂಕು ಹಿಡಿದು ಓಡಾಡುತ್ತಿದ್ದ ಪೊಲೀಸರು ಈಗ ಮಾಸ್ಕೂ ಹಾಕಿಕೊಂಡು ದಡದಲ್ಲಿ ಕೂತರು. ಆರೋಗ್ಯ ಕೇಂದ್ರದ ಹುಡುಗಿ ಅಂಗಳದಲ್ಲೇ ನಿಂತು, ವಯಸ್ಸಾದವರು ಹೊರಗೆ ಕಾಲಿಡಬಾರದು ಎಂದು ಹೇಳಿ, ಬಿಪಿ ಮಾತ್ರೆ ಜಗಲಿಯ ಮೇಲಿಟ್ಟು ಹೋದಳು.

"ನಕ್ಸಲರ ಕಾಲ್ದಲ್ಲೂ ಹಿಂಗೇ ತೋಣಿ ಕಟ್ಟಾಕಿದ್ರು," ಎಂದಳು ಅಜ್ಜಿ. ಭೂಮಿ ಕೇಳಿ ಗಲಾಟೆ ನಡೆಯುತ್ತಿದ್ದ ಆ ದಿನಗಳಲ್ಲಿ ಅಜ್ಜಿಯೂ ಆಚೆಯಜ್ಜಿಯೂ ಜಮೀನ್ದಾರರ ಗದ್ದೆಗೆ ನಾಟಿಗೆ ಹೋಗುತ್ತಿದ್ದ ಹುಡುಗಿಯರು. "ಬ್ಯಾಸ್ಗೇಲಿ ನೀರು ಮೊಣಕಾಲಿಗಿತ್ತು. ಸೀರೆ ಎತ್ಕಟ್ಟಿ ನಡ್ಕೊಂಡೇ ಬಂದ್ಬಿಟ್ಳು ಅವ್ಳು. ಪೊಲೀಸ್ನೋರು ನೋಡ್ತಾ ನಿಂತ್ರು."

"ಈಗ್ಲೂ ನೀರು ಕಮ್ಮಿನೇ ಐತಲ್ಲಜ್ಜಿ," ಎಂದೆ ತಮಾಷೆಗೆ.

"ನೀರು ಕಮ್ಮಿ ಆದ್ರೆ ಸಾಕಾ? ಕಾಲು ಬ್ಯಾಡ್ವಾ?"

ನೆರೆಮನೆಯಿಂದ ಬೇರೆ ಕೋಲು ತಂದುಕೊಟ್ಟೆ. ಮುಟ್ಟಲಿಲ್ಲ. ಫೋನು ಹಚ್ಚಿಕೊಟ್ಟರೆ, "ಇದ್ರಲ್ಲಿ ಎಲೆ ಕುಟ್ಟಕಾಗ್ತದಾ?" ಎಂದು ಪಕ್ಕಕ್ಕಿಟ್ಟಳು. ಎಲೆಯಡಿಕೆ ಬಿಟ್ಟಳು, ಆಮೇಲೆ ತಟ್ಟೆಯಲ್ಲಿ ಅನ್ನವೂ ಉಳಿಯತೊಡಗಿತು. ಗೋಡೆಗೊರಗಿ ಹೊಳೆಯ ಕಡೆ ಮುಖ ಮಾಡಿ ಕೂತಿರುವಳು. ಮನೆ ತುಂಬ ಜನ ಇದ್ದೆವು, ನಾವ್ಯಾರೂ ಲೆಕ್ಕಕ್ಕಿಲ್ಲ. ನನಗೆ ಸಿಟ್ಟು ಬರುತ್ತಿತ್ತು.

ಒಂದು ಬೆಳಗ್ಗೆ ಮೀನು ಹಿಡಿಯುವವನೊಬ್ಬ ಪೊಲೀಸರ ಕಣ್ಣು ತಪ್ಪಿಸಿ ಬಂದು ಆ ಕೋಲನ್ನೇ ಕೊಟ್ಟ. ಅಜ್ಜಿ ಊಟ ಬಿಟ್ಟ ಸುದ್ದಿ ಆಚೆ ದಡಕ್ಕೆ ಮುಟ್ಟಿತ್ತು. "ಕುಟ್ಕೊಂಡು ತಿನ್ಬೇಕಂತೆ, ಹಟ ಮಾಡ್ಬಾರ್ದಂತೆ," ಎಂದ. ಸದ್ಯ, ಬದುಕಿದೆವು ಎಂದುಕೊಂಡೆ. ಅಜ್ಜಿ ಕೋಲನ್ನು ಸವರಿದಳು, ಸೆರಗಿನಲ್ಲಿ ಒರೆಸಿದಳು, ಅವನಿಗೇ ವಾಪಸು ಕೊಟ್ಟಳು.

"ಇದು ಇಲ್ಲೇ ಇದ್ರೆ ಅವ್ಳು ಯಾಕ್ ಬರ್ತಾಳೆ? ಅವ್ಳೇ ತರ್ಲಿ, ಹೋಗು."

ಕೊರೊನಾ ಅಜ್ಜಿಯ ಹತ್ತಿರ ಸುಳಿಯಲೇ ಇಲ್ಲ. ಮಾತ್ರೆಗಳೂ ತಪ್ಪಲಿಲ್ಲ. ಆದರೂ ಸೊರಗಿ ಸೊರಗಿ, ಮಳೆಗಾಲ ಮುಗಿಯುವ ಹೊತ್ತಿಗೆ, ತೋಣಿ ಬಿಡುವ ಮೊದಲೇ ಹೋಗಿಬಿಟ್ಟಳು. ಆಚೆಯಜ್ಜಿಗೆ ಫೋನಿನಲ್ಲಿ ಹೇಳಿದೆವು. ಮಣ್ಣಿಗೆ ಬರಲು ದಡದ ಪೊಲೀಸರು ಬಿಡಲಿಲ್ಲ.

ತೋಣಿ ಬಿಟ್ಟ ದಿನ ಆಕೆ ಬಂದಳು. ಅದೇ ಜಾಗದಲ್ಲಿ ಕೂತು ಬಟ್ಟಲು ಕೇಳಿದಳು. ಸಾವಕಾಶವಾಗಿ ಇಬ್ಬರ ಪಾಲಿನದೂ ಕುಟ್ಟಿದಳು. ತನ್ನದನ್ನು ಬಾಯಿಗೆ ಹಾಕಿಕೊಂಡು, ಅಜ್ಜಿಯದನ್ನು ಎಲೆಯ ಮೇಲಿಟ್ಟು ಗೋಡೆಯ ಬದಿಗೆ ಸರಿಸಿದಳು. ಎದ್ದು, ಎಂದಿನಂತೆ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕಿಳಿದಳು. ಅಲ್ಲಿಂದ ತಿರುಗಿ ಬಂದು ಅದನ್ನು ಬಟ್ಟಲಿನೊಳಗಿಟ್ಟಳು.

"ಇಟ್ಕೊಳ್ಳಿ ಅಜ್ಜಿ, ನಾಳೆನೂ ಬನ್ನಿ," ಎಂದೆ.

"ನಾಳೆ ಯಾರ ಹತ್ರ ಬರ್ಲಿ ಮಗಾ," ಎಂದು ತೋಣಿಯ ಕಡೆ ನಡೆದಳು.