ನೀಲಿ ಗೆರೆಯ ಕಾಕಾ

ಟೇಲರ್ ಕಾಕಾ ಅವರ ಬಲಗೈ ಹೆಬ್ಬೆರಳು ಸದಾ ನೀಲಿ. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ಬಣ್ಣ. ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹಿಂದಿನ ತಮ್ಮ ಅಂಗಡಿಯಲ್ಲಿ ಕೂತು, ಅದೇ ಚಾಕ್‌ಪೀಸಿನಿಂದ ದಿನಪತ್ರಿಕೆಗೂ ಗೆರೆ ಎಳೆಯುತ್ತಿದ್ದರು. ನಂಬಿಕೆ ಬಾರದ ಸಾಲಿನ ಕೆಳಗೆ ಒಂದು ಗೆರೆ.

"ಇದು ಅಳತಿ ತೊಗೊಳ್ಳಾರದ ಹೊಲದಿದ್ದು ನೋಡು, ಬೇಟಾ" ಎಂದು ಅಂಗಡಿಗೆ ಹೋದಾಗಲೆಲ್ಲ ನನಗೆ ತೋರಿಸುತ್ತಿದ್ದರು.

ಹೊಲಿದ ಬಟ್ಟೆಯನ್ನು ಆ ಪೇಪರಿನಲ್ಲೇ ಸುತ್ತಿ ಕೊಡುತ್ತಿದ್ದುದರಿಂದ ದುಬಲಗುಂಡಿ, ಮುಡಬಿಯಂಥ ಹಳ್ಳಿಗಳ ಮನೆಗಳಿಗೂ ಸುದ್ದಿ ಗೆರೆಸಮೇತ ತಲುಪುತ್ತಿತ್ತು.

ಟಿವಿಯನ್ನೂ ಬಿಡುತ್ತಿರಲಿಲ್ಲ. "ಸೀರಿಯಲ್‌ದಾಗ ಕೆಟ್ಟಾಕಿ ಜಂಪರ್‌ದೇ ಯಾಕ ಹೊಲಿಗಿ ಚಲೋ ಇರ್ತದ? ಒಳ್ಳೆಯಾಕಿಗೆ ಒಬ್ಬ ಟೇಲರ್ ಸಿಗಂಗಿಲ್ಲೇನು?"

ನಾನು ಬಸವಕಲ್ಯಾಣದಲ್ಲಿ ಚರ್ಚಾಸ್ಪರ್ಧೆ ಗೆದ್ದಾಗ ಪತ್ರಿಕೆಯ ತುಣುಕು ಹಿಡಿದು ಅವರ ಮುಂದೆ ನಿಂತೆ. 'ಜನಸಾಗರದ ಮುಂದೆ ಮಿಂಚಿದ ವಿದ್ಯಾರ್ಥಿನಿ' ಎಂದಿತ್ತು.

"ಖುರ್ಚಿ ಎಷ್ಟಿದ್ವು?"

"ನಲವತ್ತ್ರಿ. ಹಿಂದಿನವು ಖಾಲಿ ಇದ್ವು."

ಕಾಕಾ ಚಾಕ್‌ಪೀಸನ್ನು ನನ್ನ ಕೈಗಿಟ್ಟರು. ಎಲ್ಲರ ಮಾತಿನಲ್ಲೂ ತಪ್ಪು ಹುಡುಕುತ್ತಿದ್ದ ನಾನು, ನನ್ನ ಹೊಗಳಿಕೆಯ ಕೆಳಗೇ ಗೆರೆ ಎಳೆದದ್ದು ಅಂದೇ ಮೊದಲು.

ಅವರಿಗೆ ತೀರಾ ಸಿಟ್ಟು ಬರುತ್ತಿದ್ದುದು ನಿಧನವಾರ್ತೆಗಳ ಮೇಲೆ. "ಸತ್ತೋರಿಗೆಲ್ಲ ಅಪಾರ ಬಂಧುಬಳಗ. ಯಾರರ ಎಣಿಸ್ಯಾರೇನು? ನಾ ಸತ್ತಾಗ ನಂದರ ನೀ ಎಣಿಸಿ ಬರಿ. ನಿಮ್ಮ ಕಾಕಿ ಒಬ್ಬಾಕಿ, ಮುಗೀತು."

"ಆಯ್ತ್ರಿ ಕಾಕಾ" ಎಂದು ಮಾತು ಕೊಟ್ಟಿದ್ದೆ.

ಕಳೆದ ಬೇಸಿಗೆಯಲ್ಲಿ ಕಾಕಾ ಹೋದರು. ಪತ್ರಿಕೆಯವರು ನಾಲ್ಕು ಸಾಲು ಬರೆದುಕೊಡಲು ನನಗೇ ಹೇಳಿದರು. ಕೊಟ್ಟ ಮಾತಿನಂತೆ ಅವರ ಅಂಗಳದ ಮೂಲೆಯಲ್ಲಿ ನಿಂತು ಎಣಿಸತೊಡಗಿದೆ. ದುಬಲಗುಂಡಿಯ ಬಸ್ಸಿನಿಂದ ಇಳಿದವರು, ಮುಡಬಿಯಿಂದ ಆಟೊ ಮಾಡಿಕೊಂಡು ಬಂದವರು. ಒಬ್ಬಾಕೆಯನ್ನು ಕೇಳಿದೆ, "ಕಾಕಾ ನಿಮಗ ಏನಾಗಬೇಕ್ರಿ?"

"ಏನೂ ಆಗಬೇಕಾಗಿಲ್ಲವ್ವ. ನನ್ನ ಲಗ್ನದ ಜಂಪರ್ ಹೊಲದಿದ್ರು. ಜಂಪರ್ ಹರದು ಹೋತು, ಗೆರಿ ಎಳದ ಪೇಪರ್ ಇನ್ನಾ ಇಟ್ಕೊಂಡೀನಿ."

ಅರವತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ಮೊದಲಿನಿಂದ ಎಣಿಸಿದೆ. ಮತ್ತೆ ತಪ್ಪಿತು. ಕೊನೆಗೆ ಬರೆದೆ: 'ಪತ್ನಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.'

ಮರುದಿನ ಅಚ್ಚಾದ ಆ ಸಾಲನ್ನು ನೀಲಿ ಚಾಕ್‌ಪೀಸ್ ಹಿಡಿದುಕೊಂಡೇ ಓದಿದೆ. ಗೆರೆ ಎಳೆಯಲಿಲ್ಲ. ವಾದದಲ್ಲಿ ಕಾಕಾ ನನಗೆ ಸೋತದ್ದು ಅದೊಂದೇ ಸಲ.