ಯಂತ್ರ ನಿಂತದ್ದಕ್ಕೆ ಕಾರಣ

ನಾನು ಹುಟ್ಟಾ ಕನಸುಗಾತಿ. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆ ನೋಡುತ್ತ ನಿಂತರೆ, ಹಾಲು ಉಕ್ಕಿ ಹೊತ್ತಿದ ವಾಸನೆ ಪಕ್ಕದ ಮನೆಯವರಿಗೇ ಮೊದಲು ತಿಳಿಯುತ್ತದೆ. ಅಂಥವಳನ್ನು ನಂಬಿ ಕಾವೂರಿನಾಚೆಯ ಒಂದು ಗೇರುಬೀಜದ ಕಾರ್ಖಾನೆಯವರು ಬೋರ್ಮದ ಕೆಲಸಕ್ಕೆ ಇಟ್ಟುಕೊಂಡರು, ಮುಂದೆ ಮೇಲ್ವಿಚಾರಕಿಯನ್ನಾಗಿಯೂ ಮಾಡಿದರು. ಬೋರ್ಮ ಅಂದರೆ ಒಡೆದ ಬೀಜದ ತಿರುಳನ್ನು ಟ್ರೇಗಳಲ್ಲಿ ಹರಡಿ ಒಣಗಿಸುವ ಬಿಸಿ ಕೋಣೆ. ಹೊತ್ತು ಹೊತ್ತಿಗೆ ಕೆಳಗಿನ ಟ್ರೇ ಮೇಲಕ್ಕೆ, ಮೇಲಿನದು ಕೆಳಕ್ಕೆ ಬದಲಾಗಬೇಕು. ಆಗ ಎಲ್ಲ ತಿರುಳೂ ಒಂದೇ ಹದದಲ್ಲಿ ಒಣಗುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಕೆಂಪು ಸಿಪ್ಪೆ ತಾನಾಗಿ ಉದುರುತ್ತದೆ. ಇಪ್ಪತ್ತು ವರ್ಷ ಆ ಕೆಲಸದಲ್ಲಿ ನಾನು ತಪ್ಪಿರಲಿಲ್ಲ. ಅಲ್ಲಿನ ಬಿಸುಪು, ಆ ಸಿಹಿಸಿಹಿ ವಾಸನೆ, ಮಂಜು ಕಟ್ಟಿದ ಗಾಜಿನ ಕಿಂಡಿ, ಇವೇ ಆಗ ನನ್ನ ಕನಸಾಗಿದ್ದವು.

ಬೋರ್ಮದಿಂದ ತಿರುಳು ಪಕ್ಕದ ಕೋಣೆಯ ಪೀಲಿಂಗ್ ಮೆಷಿನ್ನಿಗೆ ಹೋಗುತ್ತದೆ. ಅದು ಗಾಳಿಯ ರಭಸದಲ್ಲಿ ಸಿಪ್ಪೆ ಹಾರಿಸುತ್ತದೆ. ಅದನ್ನು ನಡೆಸುತ್ತಿದ್ದವರು ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಅಕ್ಕ. ನಾನು ಕೆಲಸಕ್ಕೆ ಸೇರಿದ ದಿನ ಬುತ್ತಿ ಮರೆತು ಬಂದಾಗ ತಮ್ಮ ಬುತ್ತಿಯಲ್ಲಿ ಅರ್ಧ ನನಗೆ ಹಾಕಿಕೊಟ್ಟವರು ಅವರೇ. ಮಗ ಗಲ್ಫಿನಲ್ಲಿದ್ದಾನೆ, ಇನ್ನು ಮನೆಯಲ್ಲೇ ಇರಿ ಎಂದು ಸೊಸೆ ಹೇಳುತ್ತಲೇ ಇರುತ್ತಾಳೆ, ಆದರೂ ಅಕ್ಕ ಕೆಲಸ ಬಿಟ್ಟಿರಲಿಲ್ಲ. "ಮನೆಯಲ್ಲಿ ನಾನು ಅಮ್ಮ, ಅತ್ತೆ, ಅಜ್ಜಿ ಎಲ್ಲ ಹೌದು. ಈ ಮೆಷಿನಿನ ಎದುರು ಮಾತ್ರ ನಾನು ನಾನೇ ಮಾರಾಯ್ತಿ," ಎಂದು ಒಮ್ಮೆ ಹೇಳಿದ್ದರು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಮಳೆಗಾಲ ಕಾರ್ಖಾನೆಗೆ ಒಂದು ಹೊಸ ಸಾಫ್ಟ್‌ವೇರ್ ಬಂತು, ಯಂತ್ರಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ಹೇಳುವಂಥದ್ದು. ಕಲಿಸಲು ಹುಬ್ಬಳ್ಳಿ ಕಡೆಯ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಬೋರ್ಮದ ಜೊತೆಗೆ ಇದನ್ನೂ ಕಲಿತು ನೋಡಿಕೊಳ್ಳಬೇಕಾದವಳು ನಾನು. ಯಂತ್ರ ಎಷ್ಟು ಹೊತ್ತು ಓಡಿತು, ಓಡುವಾಗ ಎಷ್ಟು ವೇಗವಾಗಿ ಓಡಿತು, ಕೊಟ್ಟ ಮಾಲಿನಲ್ಲಿ ಒಳ್ಳೆಯದೆಷ್ಟು ಎಂಬ ಮೂರು ಲೆಕ್ಕಗಳನ್ನು ಗುಣಿಸಿದರೆ ಯಂತ್ರದ ಯೋಗ್ಯತೆ ಗೊತ್ತಾಗುತ್ತದೆ ಎಂದು ಅವಳು ಅರ್ಧ ದಿನ ವಿವರಿಸಿದಳು.

"ನೀರುದೋಸೆಯ ಲೆಕ್ಕ ಅಲ್ವಾ ಇದು?" ಎಂದೆ ನಾನು. "ಕಾವಲಿ ಎಷ್ಟು ಹೊತ್ತು ಒಲೆಯ ಮೇಲಿತ್ತು, ದೋಸೆ ಎಷ್ಟು ಬೇಗ ಎದ್ದಿತು, ಹರಿಯದೆ ಎದ್ದದ್ದು ಎಷ್ಟು."

ಹುಡುಗಿ ನನ್ನ ಮುಖವನ್ನೇ ನೋಡಿದಳು. "ಅಷ್ಟೇ ನೋಡ್ರಿ ಅಕ್ಕಾರ. ಕಾಲೇಜಿನ್ಯಾಗ ಇದನ್ನ ನಾ ಒಂದು ಸೆಮಿಸ್ಟರ್ ಓದೀನಿ."

ಹೊಗಳಿಕೆ ನನ್ನ ತಲೆಗೇರಿತು. ಆಫೀಸಿನ ಮೂಲೆಯಲ್ಲಿ ನನಗೊಂದು ಕಂಪ್ಯೂಟರ್ ಇಟ್ಟರು. ಪರದೆಯ ಮೇಲೆ ಒಂದೊಂದು ಯಂತ್ರಕ್ಕೂ ಒಂದೊಂದು ಪಟ್ಟಿ, ಎಡದಿಂದ ಬಲಕ್ಕೆ ಮೆಲ್ಲಗೆ ಬೆಳೆಯುತ್ತ ಹೋಗುತ್ತದೆ. ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಹೊರಗೆ ಮಳೆ, ಒಳಗೆ ಆ ಹಸಿರು. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಬರುವಾಗಲೂ ಅದೇ ಗುಂಗು. ನಂತೂರಿನಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡರೆ ಕಣ್ಣೆದುರು ಕೆಂಪು. ದೇರೆಬೈಲ್ ದಾಟಿ ಓಡುವಾಗ ಹಸಿರು. ನನ್ನ ಬದುಕಿಗೂ ಹೀಗೊಂದು ಪಟ್ಟಿ ಎಳೆದರೆ ಅದು ಎಲ್ಲೆಲ್ಲಿ ನಿಂತಿರಬಹುದು ಎಂದು ಯೋಚಿಸುತ್ತ ಇಳಿಯುವ ಸ್ಟಾಪ್ ದಾಟಿ ಹೋದದ್ದೂ ಉಂಟು.

ಯಂತ್ರ ನಿಂತಾಗ ಪರದೆಯ ಮೇಲೆ ಒಂದು ಚೌಕ ತೆರೆದುಕೊಳ್ಳುತ್ತದೆ. ಕಾರಣ ಏನು? ಕರೆಂಟ್ ಇಲ್ಲ, ದುರಸ್ತಿ, ಮಾಲಿನ ಹದ ಸರಿಯಿಲ್ಲ, ನಡೆಸುವವರು ಇಲ್ಲ, ಇವುಗಳಲ್ಲಿ ಒಂದನ್ನು ನಾನು ಒತ್ತಬೇಕು. ಕೆಲವು ದಿನಗಳಲ್ಲೇ ಅಕ್ಕನ ಮೆಷಿನಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಕೆಂಪು ಗೆರೆಗಳು ಕಾಣತೊಡಗಿದವು. ದಿನಕ್ಕೆ ಏಳೆಂಟು ಸಲ, ಮೂರು ನಾಲ್ಕು ನಿಮಿಷ. ಅಕ್ಕನಿಗೆ ಮೊಣಕಾಲು ನೋವೆಂದು ನನಗೆ ಗೊತ್ತಿತ್ತು. ಪಾಪ, ನಿಲ್ಲಿಸಿ ಕೂರುತ್ತಾರೆ ಎಂದುಕೊಂಡೆ.

ಹಾಗಾದರೆ ಒತ್ತಬೇಕಾದದ್ದು "ನಡೆಸುವವರು ಇಲ್ಲ". ಬುತ್ತಿ ಹಂಚಿದವರ ಮೇಲೆ ಅದನ್ನು ಹೇಗೆ ಒತ್ತುವುದು? ನಮ್ಮಲ್ಲಿ ಹಿರಿಯರ ಕೈಲಾಗದ್ದನ್ನು ಕಂಡರೂ ಕಾಣದ ಹಾಗೆ ಇರುವುದು ರೂಢಿ. ಮೇಲ್ವಿಚಾರಕಿಗೆಂದು ಇನ್ನೊಂದು ಗುಂಡಿಯೂ ಇತ್ತು: "ಓಡುತ್ತಿತ್ತು ಎಂದು ತಿದ್ದಿ". ಯಂತ್ರ ಓಡುತ್ತಿದ್ದರೂ ನಿಂತಂತೆ ತೋರಿಸಿದರೆ ಬಳಸಲಿ ಎಂದು ಕೊಟ್ಟದ್ದು. ನಾನು ಅದನ್ನು ಒತ್ತಿದೆ. ಕೆಂಪು ಹಸಿರಾಯಿತು. ಒಂದು ತಿಂಗಳು ಹೀಗೆ ದಿನವೂ ಒತ್ತಿದೆ, ಒತ್ತಿದಾಗಲೆಲ್ಲ ನಾನೆಷ್ಟು ಒಳ್ಳೆಯವಳು ಎಂದು ಒಳಗೊಳಗೇ ಬೀಗಿದೆ. ಎದ್ದು ಹೋಗಿ ನೋಡಿದ್ದರೆ ಅಕ್ಕನ ಮೆಷಿನ್ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನಾನು ಏಳಲಿಲ್ಲ.

ತಿಂಗಳ ಕೊನೆಗೆ ಧಣಿಗಳು ತಮ್ಮ ಕೋಣೆಗೆ ಕರೆದರು. ಎಂದೂ ದನಿ ಎತ್ತರಿಸದ ಮನುಷ್ಯ. ಎದುರಿಗೆ ಪೀಲಿಂಗ್ ಮೆಷಿನಿನ ವರದಿ ಇತ್ತು.

"ಮೆಷಿನ್ ಇಡೀ ದಿವಸ ಓಡ್ತಾ ಉಂಟು. ಮಾಲು ಮಾತ್ರ ಕಡಿಮೆ," ಎಂದರು. "ಅಂದ್ರೆ ನಡೆಸುವವರ ಕೈ ನಿಧಾನ ಆಗಿದೆ. ಪ್ರಾಯ ಆಯ್ತಲ್ಲ, ಪಾಪ. ಸೋಮವಾರದಿಂದ ಮನೆಯಲ್ಲಿ ಆರಾಮ ಇರ್ಲಿ ಅವರು. ನೀವೇ ಹೇಳಿಬಿಡಿ, ನೀವು ಹೇಳಿದ್ರೆ ಅವರಿಗೆ ಬೇಜಾರಾಗ್ಲಿಕ್ಕಿಲ್ಲ."

ಸಿಪ್ಪೆ ತೆಗೆದ ಮಾಲಿನ ತೂಕವನ್ನು ತಕ್ಕಡಿಯೇ ನೇರವಾಗಿ ಕಂಪ್ಯೂಟರಿಗೆ ಕಳಿಸುತ್ತದೆ, ಅದರಲ್ಲಿ ನನ್ನ ಆಟ ನಡೆಯುವುದಿಲ್ಲ. ನಾನು ಮುಚ್ಚಿಟ್ಟ ನಿಮಿಷಗಳು ಎಲ್ಲಿಗೂ ಹೋಗಿರಲಿಲ್ಲ. ಕಾವಲಿ ದಿನವಿಡೀ ಒಲೆಯ ಮೇಲಿತ್ತು ಎಂದು ನಾನು ಬರೆದ ಮೇಲೆ, ದೋಸೆ ಕಡಿಮೆಯಾದರೆ ತಪ್ಪು ಹೊಯ್ಯುವವರದ್ದೇ ಅಲ್ಲವೇ? ಮೂರು ಲೆಕ್ಕವನ್ನು ಅರ್ಧ ದಿನದಲ್ಲಿ ಕಲಿತ ಜಾಣೆಗೆ ಇಷ್ಟು ಹೊಳೆದಿರಲಿಲ್ಲ.

ಅಕ್ಕನಿಗೆ ಹೇಗೆ ಹೇಳಲಿ ಎಂದು ತಿಳಿಯದೆ ಅವರ ಮೆಷಿನಿನ ಹತ್ತಿರ ಹೋಗಿ ನಿಂತೆ. ಒಂದು ತಿಂಗಳಲ್ಲಿ ಮೊದಲ ಸಲ. ಅವರು ಒಂದು ಹಿಡಿ ತಿರುಳು ತೆಗೆದು ಹೆಬ್ಬೆರಳಿನಿಂದ ಉಜ್ಜಿದರು. ಸಿಪ್ಪೆ ಬಿಡಲಿಲ್ಲ. ಮೆಷಿನ್ ನಿಲ್ಲಿಸಿದರು. ನಿಂತೇ, ಬಗ್ಗಿ, ಹಸಿಯಾದ ತಿರುಳನ್ನೆಲ್ಲ ಆರಿಸಿ ಬೇರೆ ಬುಟ್ಟಿಗೆ ಹಾಕಿದರು. ಕೂರಲಿಲ್ಲ. ಮತ್ತೆ ಚಾಲೂ ಮಾಡಿದರು.

"ಅಕ್ಕ, ಎಂತ ಅದು?"

"ಕೆಳಗಿನ ಟ್ರೇಯದ್ದು. ಹಸಿ ಉಂಟು, ಹಾಗೇ ಬಿಟ್ರೆ ಎಲ್ಲ ಪುಡಿ ಆಗ್ತದೆ." ನನ್ನತ್ತ ನೋಡದೆ ಸೇರಿಸಿದರು, "ಟ್ರೇ ಬದಲಾಯಿಸ್ಲಿಕ್ಕೆ ನಿನಗೆ ಈಗ ಮರೆತು ಹೋಗ್ತದಲ್ಲ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಿತ್ತಂತೆ. ನಾನು ಆ ಹಸಿರು ಪಟ್ಟಿ ನೋಡುತ್ತ ಕೂತಿದ್ದಷ್ಟು ಹೊತ್ತೂ ಬೋರ್ಮದಲ್ಲಿ ಕೆಳಗಿನ ಟ್ರೇ ಕೆಳಗೇ ಇತ್ತು.

"ಒಂದು ಮಾತು ಹೇಳಬಾರದಿತ್ತಾ?"

"ಹೊಸತು ಕಲಿಯುವ ಖುಷಿಯಲ್ಲಿದ್ದಿ. ಹೇಳಿದ್ರೆ ನಿನ್ನ ಮುಖ ಸಣ್ಣ ಆಗ್ತದೆ. ಆಫೀಸಿಗೆ ಗೊತ್ತಾದ್ರೆ ಬೈಗುಳ ಬೇರೆ. ನಾಲ್ಕು ಬೀಜ ಆರಿಸ್ಲಿಕ್ಕೆ ನನಗೆಂತ ಕಷ್ಟ?"

ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ತಿಂಗಳಿಡೀ ನೋಯುವ ಕಾಲಿನಲ್ಲಿ ನಿಂತು ನನ್ನನ್ನು ಕಾಪಾಡಿದ್ದು ಅವರು. ನನಗೆ ಅಲ್ಲೇ ಅಳು ಬಂತು. ಸಿಪ್ಪೆಯ ಧೂಳು ಎಂದು ಕಣ್ಣೊರೆಸಿಕೊಂಡು ಹೊರಟುಬಂದೆ.

ತಿದ್ದಿದ ಮಾತ್ರಕ್ಕೆ ಹಳೆಯದು ಅಳಿಯುವುದಿಲ್ಲ, ಕೆಳಗೆ ಉಳಿದಿರುತ್ತದೆ ಎಂದು ಹುಬ್ಬಳ್ಳಿಯ ಹುಡುಗಿ ಹೇಳಿಕೊಟ್ಟಿದ್ದಳು. ಒಂದೊಂದೇ ಗೆರೆ ತೆರೆದೆ. ಒಂದೊಂದಕ್ಕೂ "ಮಾಲಿನ ಹದ ಸರಿಯಿಲ್ಲ" ಎಂದು ಒತ್ತಿದೆ. ಹಾಗೆ ಒತ್ತಿದರೆ ಪಕ್ಕದಲ್ಲಿ ಯಾವ ವಿಭಾಗದ ಹೊಣೆ ಎಂದು ಕೇಳುತ್ತದೆ. ಬೋರ್ಮ ಎಂದು ಹಾಕಿದೆ. ಪಟ್ಟಿಯ ತುಂಬ ಕೆಂಪು ಎದ್ದಿತು. ಅದನ್ನೇ ಧಣಿಗಳಿಗೆ ತೋರಿಸಿದೆ.

"ಬೋರ್ಮ ನಿಮ್ಮದಲ್ವಾ?"

"ಹೌದು ಧಣಿ."

"ಇದನ್ನು ಹಸಿರು ಮಾಡಿದ್ದು?"

"ಅದೂ ನಾನೇ."

ಅವರು ಆ ಕೆಂಪು ಗೆರೆಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಆಮೇಲೆ, "ಅಕ್ಕನಿಗೆ ಎಂತ ಹೇಳಿದ್ರಿ?" ಎಂದು ಕೇಳಿದರು. ಏನೂ ಹೇಳಿಲ್ಲ ಎಂದೆ. "ಹೇಳುವುದು ಬೇಡ. ಅವರು ಅಲ್ಲೇ ಇರ್ಲಿ. ನೀವು ಕಂಪ್ಯೂಟರ್ ಬಿಟ್ಟು ಬೋರ್ಮ ನೋಡಿ. ಕಾರಣ ಇನ್ನು ಮೆಷಿನ್ ನಡೆಸುವವರೇ ಒತ್ತಲಿ."

ಆ ಹಸಿರು ಪಟ್ಟಿ ಕೈತಪ್ಪಿದ್ದಕ್ಕೆ ನನಗೆ ನಿಜವಾಗಿಯೂ ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಅಕ್ಕನ ಮೆಷಿನಿಗೆ ಒಂದು ಪುಟ್ಟ ಪರದೆ ಕೂರಿಸಿದರು. ನಾನು ಬೋರ್ಮದ ಕಿಂಡಿಯ ಎದುರಿಗೆ ಮರಳಿದೆ.

ಹುಟ್ಟುಗುಣ ಹೋಗುತ್ತದೆಯೇ? ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ, ಗಾಜಿನ ಮೇಲಿನ ಮಂಜಿನಲ್ಲಿ ಬೆರಳಾಡಿಸುತ್ತ, ಟ್ರೇ ಬದಲಾಯಿಸುವುದನ್ನು ಮರೆತು, ಎಲ್ಲೋ ಇದ್ದುಬಿಟ್ಟೆ. ಪಕ್ಕದ ಕೋಣೆಯ ಸದ್ದು ನಿಂತಾಗಲೇ ಎಚ್ಚರವಾದದ್ದು. ಓಡಿ ಹೋದೆ. ಅಕ್ಕ ಪರದೆಯ ಎದುರು ನಿಂತಿದ್ದರು, ಕಾರಣದ ಚೌಕ ತೆರೆದಿತ್ತು. ನನ್ನನ್ನು ಒಮ್ಮೆ ನೋಡಿದರು. ಅವರ ಬೆರಳು ಸರಿದು "ಕರೆಂಟ್ ಇಲ್ಲ" ಎಂಬುದರ ಮೇಲೆ ಬಂದು ನಿಂತಿತು. ತಲೆಯ ಮೇಲೆ ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು.

"ಅಕ್ಕ, ಅದಲ್ಲ."

"ಸುಮ್ಮನಿರು ಮಾರಾಯ್ತಿ. ಒಂದು ಸಲಕ್ಕೆ ಎಂತ ಆಗ್ಲಿಕ್ಕುಂಟು?"

ನಾನು ಅವರ ಬೆರಳು ಹಿಡಿದುಕೊಂಡೆ. ಅವರು ಕೊಸರಿದರು, ಬೈದರು. ನಾನು ಬಿಡಲಿಲ್ಲ. ಆ ಬೆರಳನ್ನು ಮೆಲ್ಲಗೆ ಸರಿಸಿ, ನನ್ನ ತಪ್ಪಿನ ಮೇಲೆ ಇಟ್ಟು ಒತ್ತಿದೆ.